ಕ್ಯಾಮೆರಾದಿಂದ ಟ್ಯಾಬ್‌ಗೆ ಫೋಟೋ: ರೀಡರೋ, ವೈಫೈಯೋ? ಮಾಡಿದವರು ಹೇಳಿ

ಏಳುಸುತ್ತು (ಚಿತ್ರದುರ್ಗ)
ಕ್ಯಾನನ್ 1500ಡಿ ಇದೆ, 64 ಜಿಬಿ ಸ್ಯಾಮ್‌ಸಂಗ್ ಟ್ಯಾಬ್ ಇದೆ, ಲ್ಯಾಪ್‌ಟಾಪ್ ಇಲ್ಲ. ನಾಯಕನಹಟ್ಟಿ ಜಾತ್ರೆಗೆ ಎರಡು ದಿನ ಹೋಗೋದಿದೆ. ದಿನಕ್ಕೆ 400ರಂತೆ 800 ಫೋಟೋ, ರಾ (ಕ್ಯಾಮೆರಾದ ಕಚ್ಚಾ, ದೊಡ್ಡ ಫೈಲ್) ಮತ್ತು ಜೆಪೆಗ್ (ಕುಗ್ಗಿಸಿದ ಮಾಮೂಲಿ ಫೋಟೋ) ಎರಡೂ. ಇರೋದು ಒಂದೇ 32 ಜಿಬಿ ಕಾರ್ಡ್. ರಾತ್ರಿ ಅಲ್ಲೇ ಟ್ಯಾಬ್‌ಗೆ ಇಳಿಸಿಕೊಂಡು ಕಾರ್ಡ್ ಖಾಲಿ ಮಾಡ್ಕೋಬೇಕು. ವೈಫೈಲಿ ಆಗುತ್ತಾ, ಕೇಬಲ್ ಸಾಕಾ, ಕಾರ್ಡ್ ಹಾಕಿ ಓದಿಸೋ ರೀಡರ್ ತಗೋಬೇಕಾ?

ಮಂಡಿಪೇಟೆ ಸ್ಟುಡಿಯೋ (ದಾವಣಗೆರೆ)
ರೀಡರ್ ತಗೊಳ್ರಿ, ಬೇರೆ ಯೋಚನೆ ಬೇಡ. ನನ್ನ ಖರ್ಚಿನ ಲೆಕ್ಕ ಇಲ್ಲಿದೆ: ಮೊದಲು 120 ರೂಪಾಯಿ ಓಟಿಜಿ ತುಂಡು (ಟ್ಯಾಬ್‌ಗೆ ಯುಎಸ್‌ಬಿ ಸಾಧನ ಸೇರಿಸೋ ಕೊಂಡಿ) ಮತ್ತು ಹಳೇ ರೀಡರ್, ಅದು ಅಲುಗಾಡಿದ್ರೆ ಕಾರ್ಡ್ ಮಾಯ. ಆಮೇಲೆ 350ರದ್ದು ಒಂದು, ಎಸ್‌ಡಿ ಗೂಡಿನ ಪಿನ್ ಮೂರನೇ ತಿಂಗಳಿಗೆ ಬಗ್ಗಿತು. ಕೊನೆಗೆ 900 ಕೊಟ್ಟು ನೇರ ಟೈಪ್-ಸಿ ರೀಡರ್. ಮೂರೂ ಸೇರಿ 1370 ಆಯ್ತು. ಮೊದಲೇ 900 ಕೊಟ್ಟಿದ್ರೆ 470 ಉಳೀತಿತ್ತು.

ಕ್ರಮ ಹಿಂಗೆ. ಕ್ಯಾಮೆರಾ ಆಫ್ ಮಾಡಿ, ಕೆಂಪು ದೀಪ ಪೂರ್ತಿ ಆರಿದ ಮೇಲೆ ಕಾರ್ಡ್ ತೆಗೀರಿ. ರೀಡರ್‌ಗೆ ಹಾಕಿ, ರೀಡರ್ ಟ್ಯಾಬ್‌ಗೆ ಹಾಕಿ. ಮೈ ಫೈಲ್ಸ್‌ನಲ್ಲಿ ಯುಎಸ್‌ಬಿ ಸ್ಟೋರೇಜ್ ಅಂತ ಬರುತ್ತೆ. ಅದರೊಳಗೆ ಡಿಸಿಐಎಂ, ಅದರೊಳಗೆ 100ಕ್ಯಾನನ್. ಆ ಫೋಲ್ಡರ್ ಪೂರ್ತಿ ಒತ್ತಿ ಹಿಡಿದು ಕಾಪಿ ಅನ್ರಿ. ಮೂವ್ ಅನ್ನಬೇಡಿ, ಯಾವತ್ತೂ ಅನ್ನಬೇಡಿ! ಮೂವ್ ಮಾಡುವಾಗ ನಡುವೆ ರೀಡರ್ ಕಳಚಿದ್ರೆ ಯಾವ ಫೈಲ್ ಎಲ್ಲಿದೆ ಅಂತ ಹುಡುಕಬೇಕು. ಕಾಪಿ ಆದ ಮೇಲೆ ಎರಡೂ ಕಡೆ ಫೈಲ್ ಸಂಖ್ಯೆ ಮತ್ತು ಒಟ್ಟು ಗಾತ್ರ ಹೋಲಿಸಿ, ನೋಟಿಫಿಕೇಶನ್‌ನಲ್ಲಿ ಎಜೆಕ್ಟ್ ಒತ್ತಿ, ಆಮೇಲೆ ಎಳೀರಿ.

ಯುಎಸ್‌ಬಿ 3.0 ರೀಡರ್‌ಗೆ ಜಾಸ್ತಿ ದುಡ್ಡು ಕೊಡೋ ಮುಂಚೆ ಟ್ಯಾಬ್ ನೋಡಿ. ಟ್ಯಾಬ್ ಎ8 ತರದವಕ್ಕೆ ಟೈಪ್-ಸಿ ತೂತು ಇದ್ರೂ ಒಳಗೆ ಯುಎಸ್‌ಬಿ 2.0. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಸಿಗೋದು 25ರಿಂದ 35 ಎಂಬಿ. 30 ಜಿಬಿಗೆ ಹದಿನೈದು ಇಪ್ಪತ್ತು ನಿಮಿಷ. ರೀಡರ್ ಎಷ್ಟೇ ವೇಗದ್ದು ಇರಲಿ, ಅದಕ್ಕಿಂತ ಓಡಲ್ಲ.

ಕುಂದವಾಡ ಹಕ್ಕಿ (ದಾವಣಗೆರೆ)
ಕಾರ್ಡನ್ನು ದಿನಾ ತೆಗೆದು ಹಾಕಿದ್ರೆ ಕ್ಯಾಮೆರಾ ಗೂಡಿನ ಪಿನ್ನೂ ಸವೆಯುತ್ತೆ, ಅದನ್ನ ಯಾರೂ ಹೇಳಲ್ಲ. ನಿಕಾನ್ ಡಿ5600 ಮತ್ತು ನಿಕಾನ್‌ನದೇ ಸ್ನ್ಯಾಪ್‌ಬ್ರಿಡ್ಜ್ ಆ್ಯಪ್ ನನ್ನ ದಾರಿ, ಖರ್ಚು ಸೊನ್ನೆ. ಕೆರೆ ಏರಿ ಮೇಲೆ ಕೂತು ತೆಗೆದ ಹಕ್ಕಿ ಅಲ್ಲೇ ಟ್ಯಾಬ್‌ನಲ್ಲಿ ಕಾಣುತ್ತೆ.

ಆದ್ರೆ ಎರಡು ವಿಷಯ ಗೊತ್ತಿರಲಿ. ಬ್ಲೂಟೂತ್‌ನಲ್ಲಿ ತಾನಾಗೇ ಬರೋದು 2 ಮೆಗಾಪಿಕ್ಸೆಲ್‌ನ ಸಣ್ಣ ಪ್ರತಿ, 24ರದ್ದಲ್ಲ. ಅದನ್ನೇ ಮೂಲ ಅಂದ್ಕೊಂಡು ಕಾರ್ಡ್ ಅಳಿಸಿದವರು ಇದ್ದಾರೆ. ಮೂಲ ಗಾತ್ರ ಬೇಕಂದ್ರೆ ಆ್ಯಪ್‌ನಲ್ಲಿ ವೈಫೈಗೆ ಬದಲಾಯಿಸಿ, ಫೋಟೋ ಆರಿಸಿ ಇಳಿಸ್ಕೋಬೇಕು. ಇನ್ನೊಂದು, ಕ್ಯಾಮೆರಾದ ವೈಫೈಗೆ ಇಂಟರ್ನೆಟ್ ಇರಲ್ಲ. ಟ್ಯಾಬ್ ಅದನ್ನ ನೋಡಿ ತಾನೇ ಬಿಟ್ಟು ಬೇರೆ ನೆಟ್‌ವರ್ಕ್‌ಗೆ ಹಾರುತ್ತೆ. ಸಿಮ್ ಇರೋ ಟ್ಯಾಬ್ ಆದ್ರೆ ಮೊಬೈಲ್ ಡೇಟಾ ಆಫ್ ಮಾಡಿ, ‘ಇಂಟರ್ನೆಟ್ ಇಲ್ಲ, ಆದರೂ ಇರಲಿ’ ಅನ್ನೋದನ್ನ ಒಪ್ಪಬೇಕು. ಅರ್ಧ ಜನ ವೈಫೈ ಕೆಟ್ಟಿದೆ ಅಂತ ಬೈಯೋದು ಇದೊಂದೇ ಕಾರಣಕ್ಕೆ.

ಮಂಡಿಪೇಟೆ ಸ್ಟುಡಿಯೋ
ಕೇಳಿದವರು ರಾ ತೆಗೀತಾರೆ ಅಂತ ಬರೆದಿದ್ದು ಓದಿದ್ರಾ? 1500ಡಿಯಿಂದ ಕ್ಯಾನನ್‌ನ ಕ್ಯಾಮೆರಾ ಕನೆಕ್ಟ್ ಆ್ಯಪ್‌ನಲ್ಲಿ ಬರೋದು ಜೆಪೆಗ್. ರಾ ಫೈಲ್ ರಾ ಆಗಿ ಬರಲ್ಲ. ಜೆಪೆಗ್ ಒಂದಕ್ಕೆ ಐದು ಸೆಕೆಂಡ್ ಹಿಡಿದ್ರೂ 800ಕ್ಕೆ ಒಂದು ತಾಸಿನ ಮೇಲಾಯ್ತು. ಅಷ್ಟೂ ಹೊತ್ತು ಕ್ಯಾಮೆರಾ ಎಚ್ಚರವಾಗಿರಬೇಕು. ಎಲ್‌ಪಿ-ಇ10 ಬ್ಯಾಟರಿ ಇರೋದೇ 860 ಎಂಎಎಚ್. ಮರುದಿನ ತೇರಿನ ಹೊತ್ತಿಗೆ ಕ್ಯಾಮೆರಾ ಖಾಲಿ. ಜೊತೆಗೆ ಆ ವೈಫೈ 2.4 ಗಿಗಾಹರ್ಟ್ಸ್‌ನದು, ಜಾತ್ರೆಯಲ್ಲಿ ಸಾವಿರ ಫೋನ್ ಅದೇ ತರಂಗಪಟ್ಟಿಯಲ್ಲಿ ಕಿರುಚ್ತಿರ್ತವೆ. ಖರ್ಚು ಸೊನ್ನೆ ಅಂತ ಹೇಳಿ ಜನರ ದಾರಿ ತಪ್ಪಿಸಬೇಡಿ.

ಕುಂದವಾಡ ಹಕ್ಕಿ
ದಾರಿ ತಪ್ಪಿಸ್ತಿರೋದು ಯಾರು? ಸಣ್ಣ ಪ್ರತಿ ಅಂತ ನಾನೇ ಮೊದಲು ಬರೆದೆ. ಹತ್ತು ಫೋಟೋ ಆರಿಸಿ ಮನೆಗೆ ಕಳಿಸೋಕೆ ವೈಫೈ, ಗಂಟುಮೂಟೆ ಪೂರ್ತಿ ಇಳಿಸೋಕೆ ರೀಡರ್. ಎರಡಕ್ಕೂ ಜಾಗ ಇದೆ. ಮದುವೆ ಫೋಟೋ ತೆಗೆಯೋರಿಗೆ ಮಾತ್ರ ಕ್ಯಾಮೆರಾ ಇರೋದಲ್ಲ.

ಹೊಳಲ್ಕೆರೆ ಮೇಷ್ಟ್ರು
ಐಪ್ಯಾಡ್ ಬಳಸುವವರಿಗಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಎಲ್ಲರೂ ಆಂಡ್ರಾಯ್ಡ್ ಒಂದನ್ನೇ ಹಿಡಿದು ಕೂತಿದ್ದೀರಿ. 2019ರಲ್ಲಿ ಐಪ್ಯಾಡ್‌ಓಎಸ್ 13 ಬರುವವರೆಗೆ ಫೋಟೋಸ್ ಆ್ಯಪ್ ಮೂಲಕವಷ್ಟೇ ಆಮದು ಮಾಡಬಹುದಿತ್ತು. ಈಗ ಫೈಲ್ಸ್ ಆ್ಯಪ್‌ನಲ್ಲೂ ಕಾರ್ಡ್ ತೆರೆಯುತ್ತದೆ. ಫೋಟೋಸ್ ಮಾತ್ರ ಇವತ್ತಿಗೂ ಡಿಸಿಐಎಂ ಫೋಲ್ಡರ್ ಹುಡುಕುತ್ತದೆ. ಫೈಲ್‌ಗೆ ‘ಜಾತ್ರೆ ತೇರು 1’ ಎಂದು ಹೆಸರಿಟ್ಟು, ಬೇರೆ ಫೋಲ್ಡರ್‌ಗೆ ಹಾಕಿ ಕಾರ್ಡಿನಲ್ಲಿ ತಂದರೆ ‘ಆಮದು ಮಾಡಲು ಏನೂ ಇಲ್ಲ’ ಎನ್ನುತ್ತದೆ. ಕ್ಯಾಮೆರಾ ಇಟ್ಟ ಎಂಟು ಅಕ್ಷರದ ಹೆಸರನ್ನು ಕಾರ್ಡಿನಲ್ಲಿ ಮುಟ್ಟಬೇಡಿ, ಟ್ಯಾಬ್‌ಗೆ ಬಂದ ಮೇಲೆ ಬೇಕಾದ ಹೆಸರು ಕೊಡಿ.

ಹಳೆಯ ಲೈಟ್ನಿಂಗ್ ಐಪ್ಯಾಡ್‌ಗೆ ಅಗ್ಗದ ರೀಡರ್ ಹಾಕಿದರೆ ‘ಈ ಸಾಧನಕ್ಕೆ ಹೆಚ್ಚು ವಿದ್ಯುತ್ ಬೇಕು’ ಎಂದು ನಿಲ್ಲುತ್ತದೆ. ರೀಡರ್ ಕೆಟ್ಟಿಲ್ಲ, ಐಪ್ಯಾಡ್ ಅಷ್ಟು ಕರೆಂಟ್ ಕೊಡುವುದಿಲ್ಲ. ಚಾರ್ಜಿಂಗ್ ತೂತು ಇರುವ ಅಡಾಪ್ಟರ್ ತಂದು ಚಾರ್ಜರ್ ಸೇರಿಸಬೇಕು. ನಾನು 600ರ ಎರಡು ನಕಲಿ ಅಡಾಪ್ಟರ್ ಬಿಸಾಡಿ ಆಮೇಲೆ ಅಸಲಿಗೆ ಹೋದವನು. 1200 ನೀರಿಗೆ ಹೋಯಿತು. 2022ರ ಹತ್ತನೇ ಪೀಳಿಗೆಯ ಐಪ್ಯಾಡ್‌ಗೆ ಟೈಪ್-ಸಿ ಬಂದಿದೆ, ಆದರೆ ವೇಗ ಅದೇ ಯುಎಸ್‌ಬಿ 2.0.

ಹರಿಹರ ಹೊಳೆದಂಡೆ
ಇಷ್ಟೆಲ್ಲ ಯಾಕ್ರೀ? ಟ್ಯಾಬ್‌ನಲ್ಲೇ ಮೈಕ್ರೋ ಎಸ್‌ಡಿ ಗೂಡಿದ್ರೆ ಕ್ಯಾಮೆರಾಗೆ ಮೈಕ್ರೋ ಕಾರ್ಡನ್ನ ಅಡಾಪ್ಟರ್‌ನಲ್ಲಿಟ್ಟು ಹಾಕಿ. ಫೋಟೋ ತೆಗೆದು, ಸಣ್ಣ ಕಾರ್ಡ್ ಎಳೆದು ಟ್ಯಾಬ್‌ಗೆ ಹಾಕಿದ್ರೆ ಮುಗೀತು. ರೀಡರ್ ಬೇಡ, ಕೇಬಲ್ ಬೇಡ. ಟ್ಯಾಬ್ ‘ಇಂಟರ್ನಲ್ ಸ್ಟೋರೇಜ್ ಮಾಡಲಾ, ಪೋರ್ಟಬಲ್ ಮಾಡಲಾ’ ಅಂತ ಕೇಳಿದ್ರೆ ಪೋರ್ಟಬಲ್ ಅನ್ನಿ. ಇಂಟರ್ನಲ್ ಅಂದ್ರೆ ಕಾರ್ಡ್ ಪೂರ್ತಿ ಅಳಿಸಿಬಿಡುತ್ತೆ. ಆಂಡ್ರಾಯ್ಡ್ ಅದರಲ್ಲಿ ಒಂದೆರಡು ಫೋಲ್ಡರ್ ಮಾಡಿಡುತ್ತೆ, ಕ್ಯಾಮೆರಾಗೆ ಅದರಿಂದ ತೊಂದರೆ ಇಲ್ಲ.

ಮಂಡಿಪೇಟೆ ಸ್ಟುಡಿಯೋ
ಅಡಾಪ್ಟರ್ ಒಳಗಿನ ಲೋಹದ ಪಟ್ಟಿ ಸಡಿಲ ಆದ್ರೆ ಕ್ಯಾನನ್‌ನಲ್ಲಿ ‘ಎರ್ 02’ ಬರುತ್ತೆ. ಕಾರ್ಡ್ ಓದೋಕೆ ಆಗ್ತಿಲ್ಲ ಅಂತ ಅರ್ಥ. ಜಾತ್ರೆ ಧೂಳಲ್ಲಿ ಉಗುರಿನಷ್ಟು ಕಾರ್ಡ್ ಹೊರಗೆ ತೆಗೆದು ಹಾಕೋ ಸಲಹೆ ಕೊಡ್ತಿದ್ದೀರಲ್ಲ, ಅದು ಬಿದ್ರೆ ಮಂಡಕ್ಕಿ ರಾಶಿಯಲ್ಲಿ ಸಾಸಿವೆ ಹುಡುಕಿದಂಗೆ.

ಹರಿಹರ ಹೊಳೆದಂಡೆ
ನಾಲ್ಕು ವರ್ಷದಿಂದ ಒಂದೇ ಅಡಾಪ್ಟರ್. ಕಾರ್ಡ್ ಜೊತೆ ಬಂದದ್ದು, ಬಿಡಿಯಾಗಿ 30 ರೂಪಾಯಿಗೆ ಸಿಗೋದಲ್ಲ. ನಿಮಗೆ ಮೂರು ರೀಡರ್ ಕೆಟ್ಟವು ಅಂತ ನೀವೇ ಬರೆದಿದ್ದೀರಿ, ನನ್ನದು ಒಂದೂ ಕೆಟ್ಟಿಲ್ಲ.

ಮಂಡಿಪೇಟೆ ಸ್ಟುಡಿಯೋ
ಮೂರಲ್ಲ, ಎರಡು. ಮೂರನೇದು ಇವತ್ತಿಗೂ ಓಡ್ತಿದೆ. ಓದಿ ಬರೀರಿ.

ಜಗಳೂರು ಕೊಂಡುಕುರಿ
ರೀಡರ್, ವೈಫೈ ಜಗಳ ಬಿಡಿ. ಇಳಿಸೋದರಲ್ಲಿ ಯಾರೂ ಫೋಟೋ ಕಳ್ಕೊಳ್ಳಲ್ಲ, ಇಳಿಸಿದ ಮೇಲೆ ಕಳ್ಕೊಳ್ತಾರೆ. ನನ್ನ 212 ಫೋಟೋ ಹೋದ ಬಗೆ ಇದು, ಇನ್ನೊಬ್ಬರಿಗೆ ಆಗಬಾರದು.

ಕ್ಯಾನನ್‌ನಲ್ಲಿ ಫೈಲ್ ನಂಬರಿಂಗ್ ಅಂತ ಒಂದು ಸೆಟ್ಟಿಂಗ್ ಇದೆ. ಕಂಟಿನ್ಯುವಸ್ ಇದ್ರೆ ಕಾರ್ಡ್ ಅಳಿಸಿದ್ರೂ ಎಣಿಕೆ ಮುಂದುವರಿಯುತ್ತೆ, 9999 ಆದ ಮೇಲೆ ಮತ್ತೆ 0001. ಆಟೋ ರೀಸೆಟ್ ಇದ್ರೆ ಖಾಲಿ ಕಾರ್ಡ್ ಹಾಕಿದಾಗಲೆಲ್ಲ 0001ರಿಂದ ಶುರು. ನಂದು ಆಟೋ ರೀಸೆಟ್ ಇತ್ತು. ಮೊದಲ ದಿನದ್ದು ಟ್ಯಾಬ್‌ನ ಒಂದು ಫೋಲ್ಡರ್‌ಗೆ ಹೋಯ್ತು, ಕಾರ್ಡ್ ಫಾರ್ಮ್ಯಾಟ್ ಆಯ್ತು. ಎರಡನೇ ದಿನದ್ದನ್ನೂ ಅದೇ ಫೋಲ್ಡರ್‌ಗೆ ಹಾಕಿದಾಗ ‘ಅದೇ ಹೆಸರಿನ ಫೈಲ್ ಇದೆ, ಬದಲಾಯಿಸಲಾ’ ಅಂತ ಕೇಳಿತು. ಎಲ್ಲದಕ್ಕೂ ಹೂಂ ಅಂದದ್ದೇ ತಪ್ಪು. ಎರಡನೇ ದಿನದ 0001 ಮೊದಲನೇ ದಿನದ 0001ರ ಮೇಲೆ ಕೂತುಬಿಡ್ತು.

ಕಾರ್ಡ್ ಮೇಲೆ ಹೊಸದು ಬರೆದಾಗಿದ್ದರಿಂದ ಅಳಿಸಿದ ಫೋಟೋ ಹುಡುಕೋ ಫೋಟೋರೆಕ್ ತಂತ್ರಾಂಶ ಓಡಿಸಿದ್ರೂ ಸಿಕ್ಕಿದ್ದು ಬಾಲದ 31 ಮಾತ್ರ. ಫೋಟೋರೆಕ್ ಉಚಿತ, ಆದ್ರೆ ಟ್ಯಾಬ್‌ನಲ್ಲಿ ಓಡಲ್ಲ, ಕಂಪ್ಯೂಟರ್ ಬೇಕು. ಅದಕ್ಕೂ ಮುಂಚೆ ಅಂಗಡಿಯೊಂದರಲ್ಲಿ ರಿಕವರಿ ಮಾಡ್ತೀವಿ ಅಂತ 1500 ಇಸ್ಕೊಂಡು ಏನೂ ಕೊಡಲಿಲ್ಲ.

ಆದ್ದರಿಂದ ನಂಬರಿಂಗ್ ಕಂಟಿನ್ಯುವಸ್ ಇಡಿ. ದಿನಕ್ಕೊಂದು ಫೋಲ್ಡರ್, ಹೆಸರಲ್ಲಿ ತಾರೀಕು ಇರಲಿ. ಎಲ್ಲಕ್ಕಿಂತ ಮುಖ್ಯ, ಕಾರ್ಡ್ ಖಾಲಿ ಮಾಡೋ ಯೋಚನೆನೇ ಬಿಡಿ. ಇನ್ನೊಂದು 32 ಜಿಬಿ ಕಾರ್ಡ್ ತಗೊಳ್ಳಿ. ಟ್ಯಾಬ್‌ನಲ್ಲಿ ಮಾತ್ರ ಇರೋ ಫೋಟೋ ಒಂದೇ ಪ್ರತಿ. ಟ್ಯಾಬ್ ಬಿದ್ದು ಒಡೆದ್ರೆ ಜಾತ್ರೆನೂ ಹೋಯ್ತು.

ಹೊಳಲ್ಕೆರೆ ಮೇಷ್ಟ್ರು
ಇದು ಸರಿಯಾದ ಮಾತು. ಐಪ್ಯಾಡ್ ಆಮದು ಮುಗಿದ ಕೂಡಲೇ ‘ಕಾರ್ಡಿನಿಂದ ಅಳಿಸಲೇ, ಉಳಿಸಲೇ’ ಎಂದು ಕೇಳುತ್ತದೆ. ಉಳಿಸು ಎಂದೇ ಒತ್ತಬೇಕು. ಕಾರ್ಡ್ ಅಳಿಸುವುದು ಕ್ಯಾಮೆರಾದ ಫಾರ್ಮ್ಯಾಟ್ ಮೆನುವಿನಿಂದ ಮಾತ್ರ, ಟ್ಯಾಬ್‌ನಿಂದ ಎಂದೂ ಅಲ್ಲ.

ಹರಿಹರ ಹೊಳೆದಂಡೆ
ಟ್ಯಾಬ್‌ನಲ್ಲಿ ಅಳಿಸಿದ್ರೆ ಏನಾಗುತ್ತೆ ಮೇಷ್ಟ್ರೆ? ಎಷ್ಟೋ ಸಲ ಅಳಿಸಿದ್ದೀನಿ, ಏನೂ ಆಗಿಲ್ಲ.

ಹೊಳಲ್ಕೆರೆ ಮೇಷ್ಟ್ರು
32 ಜಿಬಿವರೆಗಿನದು ಎಸ್‌ಡಿಎಚ್‌ಸಿ, ಅದರಲ್ಲಿ ಫೈಲ್ ಜೋಡಿಸಿಡುವ ಕ್ರಮ ಫ್ಯಾಟ್32. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ, ಅದರದು ಎಕ್ಸ್‌ಫ್ಯಾಟ್. ಟ್ಯಾಬ್ ತನಗೆ ಅನುಕೂಲವಾದ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಕ್ಯಾಮೆರಾ ಆ ಕಾರ್ಡನ್ನು ಒಪ್ಪದೆ ಹೋಗಬಹುದು. ತಿರುಗಿಸಿ ನೋಡಿದರೂ ಇದೇ ತೊಂದರೆ. 64 ಜಿಬಿ ಕಾರ್ಡನ್ನು ಎಕ್ಸ್‌ಫ್ಯಾಟ್ ಬಾರದ ಹಳೆಯ ಆಂಡ್ರಾಯ್ಡ್ ಟ್ಯಾಬ್‌ಗೆ ಹಾಕಿದಾಗ ‘ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ. ಕಾರ್ಡ್ ಕೆಟ್ಟಿರುವುದಿಲ್ಲ. ಹೂಂ ಎಂದರೆ ಮಾತ್ರ ಎಲ್ಲವೂ ಹೋಗುತ್ತದೆ. ನಿಮಗೆ ಏನೂ ಆಗಿಲ್ಲ ಎಂಬುದು ಬೇರೆಯವರಿಗೆ ಹೇಳುವ ಸಲಹೆ ಆಗಬಾರದು.

ಹರಿಹರ ಹೊಳೆದಂಡೆ
ಸರಿ ಮೇಷ್ಟ್ರೆ, ಫಾರ್ಮ್ಯಾಟ್ ವಿಷಯ ಒಪ್ಪಿದೆ. ಅಡಾಪ್ಟರ್ ವಿಷಯ ಒಪ್ಪಲ್ಲ.

ಏಳುಸುತ್ತು
ಎಲ್ಲರಿಗೂ ಧನ್ಯವಾದ. ಕ್ಯಾಮೆರಾ ಜೊತೆ ಬಂದ ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಓಟಿಜಿ ಹಾಕಿ ನೋಡಿದೆ, ಟ್ಯಾಬ್‌ನಲ್ಲಿ ಏನೂ ಬರ್ತಿಲ್ಲ. 64 ಜಿಬಿ ಟ್ಯಾಬ್‌ನಲ್ಲಿ ಇದೆಲ್ಲ ಹಿಡಿಯುತ್ತಾ ಅಂತಾನೂ ಅನುಮಾನ.

ಮಂಡಿಪೇಟೆ ಸ್ಟುಡಿಯೋ
ಕ್ಯಾಮೆರಾ ಮೆನುವಿನಲ್ಲಿ ವೈಫೈ ಎನೇಬಲ್ ಆಗಿದ್ಯಾ ನೋಡಿ. ಅದು ಆನ್ ಇದ್ರೆ 1500ಡಿ ಕೇಬಲ್‌ನಲ್ಲಿ ಮಾತಾಡಲ್ಲ. ಡಿಸೇಬಲ್ ಮಾಡಿ ಹಾಕಿ. ಕ್ಯಾಮೆರಾ ಕಡೆದು ಮಿನಿ ಯುಎಸ್‌ಬಿ, ಈಗಿನ ಫೋನ್ ಕೇಬಲ್ ಹಿಡಿಯಲ್ಲ. ಅಂಗಡಿಯಲ್ಲಿ ಬರೀ ಚಾರ್ಜ್ ಆಗೋ ಕೇಬಲ್ ಕೊಡ್ತಾರೆ, ಅದರೊಳಗೆ ಡೇಟಾದ ಎರಡು ತಂತಿ ಇರೋದೇ ಇಲ್ಲ. ಆಟೋ ಪವರ್ ಆಫ್ ಕೂಡ ತೆಗೆದಿಡಿ, ಇಲ್ಲಾಂದ್ರೆ ಅರ್ಧಕ್ಕೆ ಮಲಗುತ್ತೆ. ಇಷ್ಟೆಲ್ಲ ಆದ ಮೇಲೂ ಕೇಬಲ್‌ನಲ್ಲಿ ಕ್ಯಾಮೆರಾ ಪಿಟಿಪಿ ಅನ್ನೋ ಭಾಷೆಯಲ್ಲಿ ಮಾತಾಡುತ್ತೆ, ಪೆನ್‌ಡ್ರೈವ್ ತರ ತೆರೆಯಲ್ಲ. ಕೆಲವು ಫೈಲ್ ಆ್ಯಪ್‌ಗೆ ಅದು ಕಾಣಲ್ಲ. ಅದಕ್ಕೇ ರೀಡರ್ ಅಂದದ್ದು.

ಕುಂದವಾಡ ಹಕ್ಕಿ
ಜಾಗದ ಲೆಕ್ಕ ನಾನು ಹೇಳ್ತೀನಿ. ರಾ ಒಂದಕ್ಕೆ 30 ಎಂಬಿ ಹತ್ತಿರ, ಜೆಪೆಗ್ 7-8. ಸೇರಿಸಿ 38 ಅಂದ್ರೆ 800ಕ್ಕೆ 30 ಜಿಬಿ. 64ರ ಟ್ಯಾಬ್‌ನಲ್ಲಿ ಸಿಸ್ಟಂ, ಆ್ಯಪ್ ಎಲ್ಲ ಕಳೆದು 35-40 ಉಳಿದಿದ್ರೆ ಅದೃಷ್ಟ. ಕಷ್ಟಪಟ್ಟು ಹಿಡಿಯುತ್ತೆ, ಆಮೇಲೆ ಎಡಿಟ್ ಮಾಡೋಕೆ ಜಾಗ ಇರಲ್ಲ. ಗೂಗಲ್ ಫೋಟೋಸ್‌ಗೆ ಹಾಕ್ತೀನಿ ಅನ್ನಬೇಡಿ, 2021ರ ಜೂನ್ 1ರಿಂದ ಎಲ್ಲ 15 ಜಿಬಿ ಲೆಕ್ಕಕ್ಕೇ ಬರುತ್ತೆ, ಜಾತ್ರೆಯಲ್ಲಿ ನೆಟ್ಟೂ ಸಿಗಲ್ಲ. ಯುಎಸ್‌ಬಿ ತೂತು ಮತ್ತು ಕಾರ್ಡ್ ಗೂಡು ಎರಡೂ ಇರೋ ಟೈಪ್-ಸಿ ಹಬ್ ತಂದು, ಕಾರ್ಡಿನಿಂದ ನೇರ 64 ಜಿಬಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಟ್ಯಾಬ್ ನಡುವೆ ಕೈ ಆಡಿಸುತ್ತೆ ಅಷ್ಟೇ. ಟ್ಯಾಬ್‌ಗೆ ಜೆಪೆಗ್ ಮಾತ್ರ, ಅದು 6 ಜಿಬಿ.

ಮಂಡಿಪೇಟೆ ಸ್ಟುಡಿಯೋ
ಈಗ ಹಬ್ ಅಂತೀರಿ. ಖರ್ಚು ಸೊನ್ನೆ ಎಲ್ಲಿ ಹೋಯ್ತು?

ಕುಂದವಾಡ ಹಕ್ಕಿ
ಅದು ನನ್ನ ಕೆಲಸಕ್ಕೆ ಸೊನ್ನೆ. ಇವರ ಕೆಲಸ ಬೇರೆ. ಒಬ್ಬರ ಲೆಕ್ಕ ಇನ್ನೊಬ್ಬರ ತಲೆಗೆ ಕಟ್ಟೋದು ನಿಮ್ಮ ಅಭ್ಯಾಸ, ನಂದಲ್ಲ.

ಜಗಳೂರು ಕೊಂಡುಕುರಿ
ಹಬ್ ತಂದ್ರೂ ಎರಡನೇ ಕಾರ್ಡ್ ಬಿಡಬೇಡಿ. ಹೊಸ ಕಾರ್ಡ್ ಸಿಕ್ಕ ದಿನವೇ ಯಾರದಾದ್ರೂ ಕಂಪ್ಯೂಟರ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಕಾರ್ಡ್ ಪರೀಕ್ಷಿಸೋ ತಂತ್ರಾಂಶ ಓಡಿಸಿ ಪೂರ್ತಿ ತುಂಬಿಸಿ ಓದಿಸಿ. ನಕಲಿ ಕಾರ್ಡ್ ಮೇಲೆ 32 ಅಂತ ಇರುತ್ತೆ, ಒಳಗೆ 8 ಇರುತ್ತೆ. 8 ತುಂಬೋವರೆಗೂ ಚೆನ್ನಾಗೇ ಇರುತ್ತೆ, ಆಮೇಲಿನ ಫೋಟೋಗಳ ಹೆಸರು ಕಾಣುತ್ತೆ, ತೆರೆಯಲ್ಲ. ತೇರಿನ ಹಿಂದಿನ ದಿನ ಅಲ್ಲ, ಒಂದು ವಾರ ಮುಂಚೆ ಮಾಡಿ.