ಹೊಗಿ 50 ಡಿಗ್ರಿ ಇಳೀತೈತಿ, ಫೀಡ್ ನೀರು ಮಾತ್ರ 11 ಡಿಗ್ರಿ ಏರತೈತಿ. ಯಾಕ?

ಟವೆಲ್_ಸೊಲ್ಲಾಪುರ:
ನಮಸ್ಕಾರ್ರಿ. ಅಕ್ಕಲಕೋಟ ರೋಡ್ ಎಂಐಡಿಸಿಯೊಳಗಿನ ಟವೆಲ್ ಡೈಯಿಂಗ್ ಘಟಕ. 3 ಟನ್ ಬಾಯ್ಲರ್, 10.5 ಕೆ.ಜಿ. ಪ್ರೆಶರ್, ಬ್ರಿಕೆಟ್ (ಕೃಷಿ ಕಸ ಒತ್ತಿ ಮಾಡಿದ ಇಂಧನ) ಉರಿ, ಸರಾಸರಿ ಲೋಡ್ 2 ಟನ್. ಇತ್ತೀಚೆಗ ಫಿನ್ (ತೆಳು ರೆಕ್ಕಿ) ಇರೂ ಟ್ಯೂಬಿನ ಎಕನಾಮೈಸರ್ ಕೂಡಿಸ್ಯಾರ, ಅಂದ್ರ ಹೊರಗ ಹೋಗೂ ಹೊಗಿಯ ಶಾಖಲೆ ಬಾಯ್ಲರಿನ ಫೀಡ್ ನೀರು ಕಾಸೂ ಸಾಧನ.

ಚಾಲೂ ಮಾಡಿದಾಗ: ಹೊಗಿ ಒಳಗ 240, ಹೊರಗ 160. ನೀರು 62ರಿಂದ 94. ಎಕನಾಮೈಸರ್ ದಾಟೂವಾಗ ಹೊಗಿಯ ಒತ್ತಡ ಇಳಿಯೂದು (ಡ್ರಾಫ್ಟ್ ನಷ್ಟ) 25 ಮಿ.ಮೀ. ನೀರು.
ಈಗ: ಹೊಗಿ ಒಳಗ 255, ಹೊರಗ 205. ನೀರು 62ರಿಂದ 73. ಡ್ರಾಫ್ಟ್ ನಷ್ಟ 60 ಮಿ.ಮೀ.

ಎರಡೂ ರೀಡಿಂಗ್ ಪಂಪಿನ ಡಿಸ್ಚಾರ್ಜ್ ವಾಲ್ವ್ ಬಿಗಿ ಮಾಡಿ, ಪಂಪ್ ನಿಲ್ಲದಂಗ ಓಡಿಸಿ ತಗೊಂಡದ್ದು. ಉಳಿದ ಹೊತ್ತಿನ್ಯಾಗ ಪಂಪ್ ಲೆವೆಲ್ ಪ್ರೋಬ್ ಮ್ಯಾಲೆ ಆನ್-ಆಫ್ ಆಗತೈತಿ. ನಿಂತು ಮತ್ತ ಶುರು ಆದಾಗೆಲ್ಲ ಎಕನಾಮೈಸರ್‌ನ್ಯಾಗ ಸುತ್ತಿಗಿಲೆ ಬಡದಂಗ ಸಪ್ಪಳ. ಟ್ಯೂಬಿನೊಳಗ ಕಿಟ್ಟ ಕಟ್ಟೈತಿ, ಆಸಿಡ್ ಹಾಕಿ ತೊಳೀಬೇಕು ಅಂತಾರ ಹಾಕಿದವರು. ಖರೇನ?

ಉಗಿಗಾರ_ಇಚಲಕರಂಜಿ:
ಆಸಿಡ್ ಸದ್ಯಕ್ಕ ಬ್ಯಾಡ್ರಿ. ನಿಮ್ಮ ಅಂಕಿನ ಬ್ಯಾರೆ ಮಾತು ಹೇಳತಾವ.

ನಿಮ್ಮಂಥ ಬ್ರಿಕೆಟ್ ಬಾಯ್ಲರಿಗೆ 1 ಕೆ.ಜಿ. ಉಗಿಗೆ ಸುಮಾರು 1.6 ಕೆ.ಜಿ. ಹೊಗಿ ಅಂತ ಹಿಡೀರಿ. ಹೊಗಿಯ ಶಾಖಧಾರಣ 0.25, ನೀರಿಂದು 1. ಅಂದ್ರ ಹೊಗಿ 10 ಡಿಗ್ರಿ ಇಳಿದ್ರ ನೀರು 4 ಡಿಗ್ರಿ ಏರಬೇಕು. ಹೊಸದಿದ್ದಾಗ 80ಕ್ಕ 32, ಲೆಕ್ಕ ಬರೋಬರಿ. ಈಗ 50ಕ್ಕ 20 ಬರಬೇಕಿತ್ತು, ಬಂದದ್ದು 11. ಒಳಗ ಕಿಟ್ಟ ಇದ್ದಿದ್ರ ಎರಡೂ ಕೂಡೇ ಕಮ್ಮಿ ಆಗತಿದ್ವು, ಈ ಪ್ರಮಾಣ ಕೆಡತಿರಲಿಲ್ಲ.

11 ಡಿಗ್ರಿ ನೀರು ಏರಲಿಕ್ಕೆ ಹೊಗಿ ಖರೇನ ಇಳಿದದ್ದು 27-28 ಡಿಗ್ರಿ ಅಷ್ಟ. ಹೊರಗ 227 ಇರಬೇಕಾದ್ದು 205 ತೋರಸತೈತಿ ಅಂದ್ರ ನಡುವ ತಣ್ಣನ ಗಾಳಿ ಹೊಕ್ಕೈತಿ, ಲೆಕ್ಕದ ಪ್ರಕಾರ ಹೊಗಿಯ 13 ಪರ್ಸೆಂಟ್‌ನಷ್ಟು. ಎಕನಾಮೈಸರ್ ಮುಂದ ಮತ್ತ ಹಿಂದ ಆಕ್ಸಿಜನ್ ಅಳೀರಿ. ಮುಂದ 8 ಪರ್ಸೆಂಟ್ ಇದ್ದು ಹಿಂದ 9.5 ಆಸುಪಾಸು ಬಂದ್ರ ಮುಗೀತು, ಸೋರಿಕಿ ಪಕ್ಕಾ. ಸ್ವಚ್ಛ ಮಾಡೂ ಬಾಗಿಲ, ಹಾಪರ್ (ಬೂದಿ ಬೀಳೂ ಡಬ್ಬಿ) ಫ್ಲ್ಯಾಂಜ್, ಡ್ಯಾಂಪರ್ ಶಾಫ್ಟ್ ತೂರಿದ ಜಾಗಾ, ಇವು ಮೂರು ಮೊದಲ ನೋಡ್ರಿ. ಸಂದಿ ಹತ್ರ ಅಗರಬತ್ತಿ ಹಿಡಿದ್ರ ಹೊಗಿ ಒಳಗ ಎಳಕೋತೈತಿ.

ಮೂಲ ಕಾರಣ ಬೂದಿ. 25 ಇದ್ದ ನಷ್ಟ 60 ಆಗೈತಿ ಅಂದ್ರ ಫಿನ್ನಿನ ಸಂದಿ ತುಂಬ್ಯಾವ. ಐಡಿ ಫ್ಯಾನ್ (ಹೊಗಿ ಎಳಿಯೂ ಫ್ಯಾನ್) ಜೋರಾಗಿ ಎಳಿಯೂದರಿಂದ ಬಾಗಿಲ ಸಂದಿಲೆ ಗಾಳಿ ಇನ್ನೂ ಹೆಚ್ಚು ಬರತೈತಿ. ಒಳಬರೂ ಹೊಗಿ 240ರಿಂದ 255 ಆಗಿದ್ದು ನೋಡಿದ್ರ ಬಾಯ್ಲರಿನ ಹೊಗಿ ಟ್ಯೂಬಿನ್ಯಾಗೂ ಮಸಿ ಐತಿ, ಅದನ್ನೂ ಬ್ರಶ್ ಹಾಕಸ್ರಿ.

ಬಾಯ್ಲರ್ ಆರಿಸಿ, ಪೂರ್ತಿ ತಣ್ಣಗಾದ ಮ್ಯಾಲೆ 6 ಕೆ.ಜಿ. ಗಾಳಿಲೆ ಮ್ಯಾಲಿನಿಂದ ಕೆಳಗ ಊದಿ, ಹಾಪರ್ ಖಾಲಿ ಮಾಡ್ರಿ. ನೀರಿಲೆ ತೊಳೀಬ್ಯಾಡ್ರಿ. ಬ್ರಿಕೆಟ್ ಬೂದಿಯೊಳಗ ಪೊಟ್ಯಾಶಿಯಂ, ಕ್ಲೋರೈಡ್ ಇರತಾವ. ಒದ್ದಿ ಆಗಿ ಒಣಗಿದ್ರ ಫಿನ್ನಿಗೆ ಸಿಮೆಂಟಿನಂಗ ಹಿಡಕೋತೈತಿ, ಟ್ಯೂಬಿಗೂ ತುಕ್ಕು. ಬಾಗಿಲಿಗೆ ಹೊಸ ಸೆರಾಮಿಕ್ ರೋಪ್ ಹಾಕ್ರಿ. ಮುಂದ ತಾರೀಖು ನೋಡಿ ಸ್ವಚ್ಛ ಮಾಡಬ್ಯಾಡ್ರಿ, ಡ್ರಾಫ್ಟ್ ನಷ್ಟ 40 ಮುಟ್ಟಿದ ಕೂಡಲೇ ಊದಸ್ರಿ. ಖರೇ ಹೇಳಬೇಕಂದ್ರ, ಘನ ಇಂಧನಕ್ಕ ಫಿನ್ ಟ್ಯೂಬ್ ಕೊಡಬಾರದಾಗಿತ್ತು, ಸಾದಾ ಟ್ಯೂಬ್ ಇರಬೇಕಿತ್ತು. ಜಾಗಾ ಜಾಸ್ತಿ ಬೇಕಾಗತೈತಿ, ಅದಕ್ಕ ಭಾಳ ಮಂದಿ ಹಾಕೂದಿಲ್ಲ.

ಪಂಪ್‌ಮನೆ_ಹೊಸೂರು:
ಸಪ್ಪಳದ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಬೂದಿಗಿಂತ ಮೊದಲು ಟ್ಯೂಬ್ ಒಡೆಯುವುದು ಇದರಿಂದಲೇ.

10.5 ಕೆ.ಜಿ. ಪ್ರೆಶರ್‌ನಲ್ಲಿ ನೀರು ಕುದಿಯುವುದು ಸುಮಾರು 185 ಡಿಗ್ರಿಗೆ. ನಿಮ್ಮ ಹೊಗೆ 240ರ ಮೇಲಿದೆ. ಪಂಪ್ ನಿಂತಾಗ ಎಕನಾಮೈಸರ್‌ನಲ್ಲಿ ಉಳಿದ ನೀರು ಕುದಿದು ಉಗಿಯಾಗುತ್ತದೆ. ಪಂಪ್ ಶುರುವಾದಾಗ 62 ಡಿಗ್ರಿಯ ನೀರು ಆ ಉಗಿಯ ಗುಳ್ಳೆಗಳನ್ನು ಒಮ್ಮೆಲೇ ಕುಗ್ಗಿಸುತ್ತದೆ, ಅದೇ ಏಟು. ನಿಮ್ಮ ಪಂಪ್ ಗಂಟೆಗೆ 5 ಸಾವಿರ ಲೀಟರಿನದಾಗಿದ್ದರೆ, 2 ಟನ್ ಲೋಡಿಗೆ ಅದು ಓಡುವುದು 40 ಪರ್ಸೆಂಟ್ ಹೊತ್ತು. ಉಳಿದ 60 ಪರ್ಸೆಂಟ್ ಎಕನಾಮೈಸರ್‌ನಲ್ಲಿ ನೀರು ನಿಂತೇ ಇರುತ್ತದೆ.

ಸರಿಯಾದ ಪರಿಹಾರ: ಲೆವೆಲ್ ಟ್ರಾನ್ಸ್‌ಮಿಟರ್ ಹಾಕಿ, ವಿಎಫ್‌ಡಿಯಿಂದ (ಮೋಟರಿನ ವೇಗ ಬದಲಿಸುವ ಸಾಧನ) ಪಂಪ್ ಸತತ ಓಡುವಂತೆ ಮಾಡುವುದು. ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಪಂಪಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ ವಾಲ್ವ್ ಮುಚ್ಚಿ 16 ಕೆ.ಜಿ. ಕೊಡುವ ಪಂಪ್ 42 ಹರ್ಟ್ಸ್‌ನಲ್ಲಿ 11.3 ಕೊಡುತ್ತದೆ. ಚೆಕ್ ವಾಲ್ವ್, ಪೈಪಿನ ನಷ್ಟ ಕಳೆದರೆ ಪಂಪ್ ತಿರುಗುತ್ತಿರುತ್ತದೆ, ಬಾಯ್ಲರಿಗೆ ಹನಿ ನೀರೂ ಹೋಗುವುದಿಲ್ಲ. ಅಂಥ ಪಂಪಿಗೆ ಕನಿಷ್ಠ ಮಿತಿ 44 ಇಡಿ, ಕಡಿಮೆ ಲೋಡಿಗೆ ಫೀಡ್ ಟ್ಯಾಂಕಿಗೆ ಒಂದು ಸಣ್ಣ ರಿಟರ್ನ್ ಲೈನ್ ಕೊಡಿ.

ಅಲ್ಲಿಯವರೆಗೆ ಆನ್ ಮತ್ತು ಆಫ್ ಪ್ರೋಬ್‌ಗಳ ಅಂತರ ಕಡಿಮೆ ಮಾಡಿ. ಲೋ-ಲೆವೆಲ್ ಟ್ರಿಪ್ ಪ್ರೋಬ್ ಮಾತ್ರ ಮುಟ್ಟಬೇಡಿ. ಉರಿ ಹಚ್ಚುವಾಗ ಫೀಡ್ ಹರಿವು ಶುರುವಾಗುವ ತನಕ ಹೊಗೆಯನ್ನು ಬೈಪಾಸ್ ಡ್ಯಾಂಪರ್ ಮೂಲಕ ಬಿಡಿ. ಎಕನಾಮೈಸರ್‌ನ ಸೇಫ್ಟಿ ವಾಲ್ವ್ ಮುಂದೆ ಯಾವುದೇ ವಾಲ್ವ್ ಇರಕೂಡದು.

ಕಬ್ಬು_ಅಕ್ಕಲಕೋಟ:
ಇಬ್ಬರೂ ಫೀಡ್ ನೀರಿನ 62 ಡಿಗ್ರಿ ಬಿಟ್ಟಬಿಟ್ರಿ. ಬ್ರಿಕೆಟ್ ಹಸಿ ಇದ್ರ ಹೊಗಿಯೊಳಗಿನ ನೀರಿನ ಆವಿ 55-60 ಡಿಗ್ರಿಗೆ ಹನಿ ಕಟ್ಟತೈತಿ. ನೀರು ಹೊಗೂ ಕಡಿ ಟ್ಯೂಬು ಅದಕ್ಕ ಭಾಳ ಹತ್ರ ಇರತಾವ. ಚಾಲೂ ಮಾಡೂವಾಗ ಟ್ಯಾಂಕ್ ತಣ್ಣಗ ಇದ್ರ ಅಲ್ಲೇ ಬೂದಿ ಅಂಟತೈತಿ.

ಇನ್ನೊಂದು, ಆಕ್ಸಿಜನ್. 62 ಡಿಗ್ರಿ ನೀರಿನ್ಯಾಗ ಲೀಟರಿಗೆ 4.5 ಮಿ.ಗ್ರಾಂ. ಸುಮಾರು ಕರಗಿರತೈತಿ, 85ಕ್ಕ ಹೋದ್ರ ಅದು ಅರ್ಧ. ಆ ಆಕ್ಸಿಜನ್ ತಗಿಲಿಕ್ಕೆ ಹಾಕೂ ಸೋಡಿಯಂ ಸಲ್ಫೈಟ್, 1 ಮಿ.ಗ್ರಾಂ. ಆಕ್ಸಿಜನ್ನಿಗೆ 8 ಮಿ.ಗ್ರಾಂ. ಬೇಕು, ಮ್ಯಾಲ ಸ್ವಲ್ಪ ಉಳಿಕಿ. ಭಾಳ ಕಡೆ ಡೋಸಿಂಗ್ ಪೈಪ್ ಬಾಯ್ಲರಿನ ಹತ್ರ ಇರತೈತಿ. ಎಕನಾಮೈಸರ್ ಬಂದ ಮ್ಯಾಲೆ ಅದು ಕೆಲಸಕ್ಕ ಬರೂದಿಲ್ಲ, ಆಕ್ಸಿಜನ್ ಮೊದಲ ಸಿಗೂದು ಎಕನಾಮೈಸರಿನ ಟ್ಯೂಬಿಗೆ. ಡೋಸಿಂಗ್ ಫೀಡ್ ಟ್ಯಾಂಕಿಗೆ ಬದಲಸ್ರಿ. ಇಲ್ಲಾಂದ್ರ ಒಳಗ ಸೂಜಿ ಚುಚ್ಚಿದಂಗ ತೂತು ಬೀಳತಾವ, ಅದೂ ಮೊದಲನೇ ಸಾಲಿನ್ಯಾಗ.

ಡ್ರೈಯರ್ ಕಂಡೆನ್ಸೇಟ್ (ಉಗಿ ತಣ್ಣಗಾಗಿ ಆದ ಬಿಸಿನೀರು) ಗಟಾರಕ್ಕ ಹೊಂಟೈತೇನು? ಅದನ್ನ ತಂದು ಟ್ಯಾಂಕ್ 85 ಮಾಡಿದ್ರ, 6 ಡಿಗ್ರಿಗೆ 1 ಪರ್ಸೆಂಟ್ ಲೆಕ್ಕದಾಗ ಇಂಧನ 3.8 ಪರ್ಸೆಂಟ್ ಉಳೀತೈತಿ. ಎಕನಾಮೈಸರ್ ಹೊಸದಿದ್ದಾಗ ಕೊಟ್ಟದ್ದು, ನೀರು 32 ಡಿಗ್ರಿ ಏರಿದ್ದಕ್ಕ ಅದೇ ಲೆಕ್ಕ ಹಿಡಿದ್ರ, 5.3 ಪರ್ಸೆಂಟ್. ಜೆಟ್ ಡೈಯಿಂಗ್ ಮಷೀನಿಂದು ಮಾತ್ರ ಕಂಡಕ್ಟಿವಿಟಿ ಮೀಟರ್ ಮತ್ತ ತಾನಾಗಿ ಹೊರಗ ಬಿಡೂ ವಾಲ್ವ್ ಇಲ್ಲದ ಕೂಡಿಸಬ್ಯಾಡ್ರಿ. ಕಾಯಿಲ್ ತೂತಾದ್ರ ಬಣ್ಣ, ಉಪ್ಪು ಎಲ್ಲ ಬಾಯ್ಲರಿಗೆ.

ಟವೆಲ್_ಸೊಲ್ಲಾಪುರ:
ಆಕ್ಸಿಜನ್ ಅಳದ್ವಿರಿ. ಮುಂದ 8.2, ಹಿಂದ 9.8. ಹಾಪರ್ ಫ್ಲ್ಯಾಂಜಿನ ರೋಪ್ ಸುಟ್ಟು ಹೋಗೈತಿ. ಡ್ರೈಯರ್ ನೀರು ತರಾವ್ರು. ಟ್ಯಾಂಕ್ 90 ಮಾಡಿದ್ರ ಇನ್ನೂ ಉಳಿಯೂದಿಲ್ಲೇನು?

ಪಂಪ್‌ಮನೆ_ಹೊಸೂರು:
ಪಂಪ್ ಸುಮ್ಮನಿರುವುದಿಲ್ಲ. ಸೊಲ್ಲಾಪುರ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 0.96 ಬಾರ್. 85 ಡಿಗ್ರಿಯಲ್ಲಿ ನೀರು ಆವಿಯಾಗದೆ ಉಳಿಯಲು ಸಿಗುವ ಅಂತರ ಸುಮಾರು 4 ಮೀಟರ್, 90ರಲ್ಲಿ 2.7 ಮೀಟರ್. ಅದಕ್ಕೆ ಟ್ಯಾಂಕಿನ ನೀರಿನ ಎತ್ತರ ಕೂಡಿಸಿ, ಸಕ್ಷನ್ ಪೈಪ್ ಮತ್ತು ಸ್ಟ್ರೈನರ್ ನಷ್ಟ ಕಳೆಯಿರಿ. ಬಂದದ್ದು ಪಂಪ್ ಕರ್ವ್‌ನಲ್ಲಿ ಕೊಟ್ಟ ಎನ್‌ಪಿಎಸ್‌ಹೆಚ್‌ಗಿಂತ (ಪಂಪಿಗೆ ಬೇಕಾದ ಅಂತರ) ಕನಿಷ್ಠ ಅರ್ಧ ಮೀಟರ್ ಹೆಚ್ಚಿರಬೇಕು. ಟ್ಯಾಂಕ್ ನೆಲದ ಮೇಲಿದ್ದರೆ 85ಕ್ಕೇ ನಿಲ್ಲಿಸಿ. 2-3 ಮೀಟರ್ ಎತ್ತರದ ಸ್ಟ್ಯಾಂಡ್ ಮೇಲಿದ್ದರೆ 90 ನಡೆಯುತ್ತದೆ.