ಅಪ್ಪನಿಗೆ ಮುದ್ದೆ ಇಳಿಯುತ್ತೆ, ನೀರು ಇಳಿಯಲ್ಲ. ಯಾಕೆ?

ಹಾಸನದ ಮಗಳು:
ಅಪ್ಪನಿಗೆ 74. ಪಾರ್ಶ್ವವಾಯು ಹೊಡೆದು ಎರಡು ತಿಂಗಳಾಯ್ತು. ಮೆತ್ತಗಿನ ಮುದ್ದೆ ಸಾರಲ್ಲಿ ಅದ್ದಿ ಕೊಟ್ಟರೆ ನುಂಗುತ್ತಾರೆ. ನೀರು ಮಾತ್ರ ಎರಡನೇ ಗುಟುಕಿಗೇ ನೆತ್ತಿಗೆ ಹತ್ತುತ್ತೆ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಆಮೇಲೆ ಮಾತಾಡಿದರೆ ಗಂಟಲಲ್ಲಿ ಗೊರಗೊರ ಸದ್ದು. ನಿನ್ನೆ ಲೋಟ ತಳ್ಳಿ "ನೀರೇ ಬೇಡ ಬಿಡಮ್ಮ" ಅಂದರು. ಕರುಳು ಕಿವುಚಿದಂಗಾಯ್ತು.

ಮೈಸೂರಿನ ಸೊಸೆ:
ನಮ್ಮತ್ತೆಗೂ ಹೀಗೇ ಆಗಿತ್ತು ಅಕ್ಕಾ. ನೀರು ಸರ್ರನೆ ಜಾರುತ್ತೆ, ಶ್ವಾಸನಾಳ ಮುಚ್ಚಿಕೊಳ್ಳೋದು ತಡವಾದರೆ ಅದರೊಳಕ್ಕೇ ಹೋಗುತ್ತೆ. ಆ ಗೊರಗೊರ ಸದ್ದನ್ನ ಹಗುರವಾಗಿ ತಗೋಬೇಡಿ, ಶ್ವಾಸಕೋಶಕ್ಕೆ ಸೋಂಕಾಗಬಹುದು. ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನುಂಗೋದನ್ನ ಸ್ಪೀಚ್ ಥೆರಪಿಸ್ಟ್‌ಗಳು ಪರೀಕ್ಷೆ ಮಾಡ್ತಾರೆ. ನಿಮಗೆ ಹತ್ತಿರ ಅಂದರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ಅತ್ತೆಗೆ ನೀರನ್ನ ಅದಕ್ಕಂತಲೇ ಇರೋ ಪುಡಿ ಹಾಕಿ ಗಟ್ಟಿ ಮಾಡಿ, ಚಮಚದಲ್ಲಿ ಕೊಡೋಕೆ ಹೇಳಿದ್ದರು. ಎಷ್ಟು ಗಟ್ಟಿ ಅನ್ನೋದನ್ನ ಅವರೇ ಹೇಳಬೇಕು. ಅಲ್ಲೀವರೆಗೂ ಮಲಗಿಸಿಕೊಂಡು ಏನೂ ಕುಡಿಸಬೇಡಿ, ನೆಟ್ಟಗೆ ಕೂರಿಸಿ. ಉಂಡ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ.

ಹಾಸನದ ಮಗಳು:
ಸೋಮವಾರವೇ ಮೈಸೂರಿಗೆ ಹೊರಟೆವು. ಅಪ್ಪ ಕೇಳಿದ್ದು ಒಂದೇ: "ಕಾಫಿ ಕುಡೀಬಹುದಾ ಕೇಳ್ತೀಯಾ?"