ಹಳೆ ಮಾರುತಿ 800ರ ಒಳಗಿನ ಪ್ಲಾಸ್ಟಿಕ್ ಮುರಿದಿದೆ, ಏನು ಮಾಡಲಿ?

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ 1989ರಲ್ಲಿ ತಗೊಂಡ ಮಾರುತಿ 800 ತೋಟದ ಮನೆಯ ಶೆಡ್‌ನಲ್ಲಿದೆ. ಇಂಜಿನ್ ಚೆನ್ನಾಗಿದೆ, ಬಾಡಿಯೂ ಪರವಾಗಿಲ್ಲ. ಹೋದ ವಾರ ಮೀಟರ್ ಕೇಬಲ್ ಹಾಕಿಸಲು ಗ್ಯಾರೇಜಿಗೆ ಬಿಟ್ಟಿದ್ದೆ. ಹುಡುಗ ಬೆಳಿಗ್ಗೆ ಏಳು ಗಂಟೆಗೇ ಸ್ಕ್ರೂಡ್ರೈವರ್ ತೂರಿಸಿ ಎತ್ತಿದ್ದಾನೆ. ಮೀಟರ್ ಸುತ್ತಲಿನ ಚೌಕಟ್ಟು ಎರಡು ಕಡೆ ಸೀಳಿದೆ. ಹಿಂದಿನ ಮೂರು ಲಾಕ್ ಮುರಿದಿವೆ. ಗಾಳಿ ಬರುವ ಗ್ರಿಲ್‌ನ ಒಂದು ಪಟ್ಟಿಯೂ ಹೋಯಿತು. ಇನ್ನು ಬಾಗಿಲಿನ ಪ್ಯಾಡ್ ಬಿಚ್ಚಬೇಕು, ಕಿಟಕಿ ಗ್ಲಾಸ್ ಇಳಿಯುತ್ತಿಲ್ಲ. ಕೈ ಹಾಕಲು ಭಯ ಆಗ್ತಿದೆ. ಅಪ್ಪ ಈಗಿಲ್ಲ, ಗಾಡಿ ಅವರು ಇಟ್ಟುಕೊಂಡಿದ್ದ ಹಾಗೇ ಇರಲಿ ಅಂತ ಆಸೆ. ಈ ಸಾಮಾನು ಎಲ್ಲಿ ಸಿಗುತ್ತದೆ, ಮತ್ತೆ ಕೂರಿಸುವುದು ಹೇಗೆ? ಮಾಡಿದವರು ದಯವಿಟ್ಟು ಹೇಳಿ.

ಹಾಸನದಿಂದ:

ಮೊದಲು ಒಂದು ಮಾತು. ಮುರಿದ ಚೂರುಗಳನ್ನು ಬಿಸಾಕಬೇಡಿ ತಮ್ಮಾ. ಗ್ಯಾರೇಜಿನ ನೆಲದಲ್ಲಿ ಬಿದ್ದಿದ್ದರೆ ಇವತ್ತೇ ಹೋಗಿ ಆರಿಸಿಕೊಂಡು ಬನ್ನಿ, ಸಣ್ಣ ಲಾಕ್ ಸಮೇತ. ನನ್ನ ಹತ್ತಿರ 1987ರ 800 ಇದೆ. ಅದರ ಚೌಕಟ್ಟನ್ನು ನಾನೇ ಜೋಡಿಸಿದ್ದೇನೆ, ಈಗಲೂ ಗಟ್ಟಿಯಾಗಿ ಕೂತಿದೆ.

ನಾನು ಮೊದಲ ಸಲ ಮಾಡಿದ ತಪ್ಪು ಹೇಳುತ್ತೇನೆ. ಆತುರಕ್ಕೆ ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿದೆ. ಮಾರನೇ ದಿನ ನೋಡಿದರೆ ಸೀಳಿನ ಸುತ್ತ ಕಪ್ಪು ಪ್ಲಾಸ್ಟಿಕ್ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಕಲೆ. ಸಾಲದ್ದಕ್ಕೆ ಆ ಅಂಟು ಒಣಗಿದ ಮೇಲೆ ಗಾಜಿನ ಹಾಗೆ ಬಿರುಸು. ಗಾಡಿ ಅದುರಿದಾಗ ಮತ್ತೆ ಅಲ್ಲೇ ಬಿಟ್ಟುಕೊಂಡಿತು.

ಅಂಟು ಹಾಕುವ ಮುಂಚೆ ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗಬೇಕು. ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ (ಪಾಲಿಪ್ರೊಪಿಲೀನ್) ಅಂತ ಪ್ಲಾಸ್ಟಿಕ್ ಜಾತಿಯ ಅಚ್ಚು ಇದ್ದರೆ ಸುಲಭ, ಹಳೇ ಸಾಮಾನಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ಆಗ ಉಗುರಿನಷ್ಟು ಚೂರು ತಗೊಂಡು ಸೋಪಿನಲ್ಲಿ ತೊಳೆದು ನೀರಿನ ಬಟ್ಟಲಿಗೆ ಹಾಕಿ. ಗುಳ್ಳೆ ಅಂಟದ ಹಾಗೆ ಬೆರಳಲ್ಲಿ ಒಮ್ಮೆ ಅದ್ದಿ ಬಿಡಿ. ತೇಲಿದರೆ ಹೆಚ್ಚಾಗಿ ಪಿಪಿ. ಮುಳುಗಿದರೆ ಎಬಿಎಸ್ ಇರಬಹುದು. ಮುಳುಗಿದ ಚೂರಿನ ಹಿಂಬದಿಗೆ ಒಂದು ಹನಿ ಅಸಿಟೋನ್ (ಉಗುರು ಬಣ್ಣ ತೆಗೆಯಲು ಬಳಸುವ ದ್ರಾವಕ) ಬಿಟ್ಟು ನೋಡಿ. ಮೇಲ್ಮೈ ಮೆತ್ತಗಾಗಿ ಅಂಟಂಟಾದರೆ ಕೆಲಸ ಸಲೀಸು.

ಎಬಿಎಸ್ ಆದರೆ ಅದರದ್ದೇ ಅಂಟು ಮಾಡಬಹುದು. ಗುಜರಿಯಿಂದ ತಂದ ಅದೇ ಜಾತಿಯ ಬೇಡದ ತುಂಡನ್ನು ಸಣ್ಣಗೆ ಕತ್ತರಿಸಿ, ಗಾಜಿನ ಶೀಶೆಯಲ್ಲಿ ಅಸಿಟೋನ್ ಹಾಕಿ ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಗಟ್ಟಿಯಾದರೆ ಇನ್ನೊಂದಿಷ್ಟು ಅಸಿಟೋನ್, ನೀರಾದರೆ ಇನ್ನಷ್ಟು ಚೂರು. ಸೀಳಿನ ತುದಿಯಲ್ಲಿ ಎರಡು ಮಿಲಿಮೀಟರಿನ ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳು ಮುಂದೆ ಹೋಗುತ್ತಲೇ ಇರುತ್ತದೆ. ಹಿಂಬದಿಯಲ್ಲಿ ಸೀಳಿನ ಉದ್ದಕ್ಕೂ ಸಣ್ಣ ಗೀರು ಎಳೆದು, ಈ ಹಿಟ್ಟನ್ನು ತುಂಬಿ. ಮುಂಬದಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಕಂಪನಿ ಕೊಟ್ಟ ಗೆರೆ ಗೆರೆ ವಿನ್ಯಾಸ ಕರಗಿ ಹೋಗುತ್ತದೆ. ಎರಡು ದಿನ ಮುಟ್ಟಬೇಡಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಅಸಿಟೋನ್ ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಬೇಡ.

ಪಿಪಿ ಆದರೆ ಮಾಮೂಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬಿಸಿಯೇ ಮದ್ದು. ಹಳೇ ಕಾಫಿ ಸೋಸುವ ಸ್ಟೀಲ್ ಜಾಲರಿಯಿಂದ ಒಂದು ತುಂಡು ಕತ್ತರಿಸಿ, ಹಿಂಬದಿಯಲ್ಲಿಟ್ಟು, ಬಿಸಿಯಾದ ಸೋಲ್ಡರಿಂಗ್ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಜಾಲರಿ ಪ್ಲಾಸ್ಟಿಕ್ ಒಳಗೆ ಇಳಿಯುತ್ತದೆ. ಅದರ ಮೇಲೆ ಅದೇ ಪ್ಲಾಸ್ಟಿಕ್ ಕರಗಿಸಿ ಮುಚ್ಚಿ. ಮುಂಬದಿಗೆ ಕೈಯಿಟ್ಟು ನೋಡುತ್ತಿರಿ, ಬಿಸಿ ತಾಗಿದ ತಕ್ಷಣ ನಿಲ್ಲಿಸಿ.

ಇನ್ನು ಬಿಚ್ಚುವ ವಿಷಯ. ನಿಮ್ಮ ಚೌಕಟ್ಟು ಹೋಗಿದ್ದು ಆ ಹುಡುಗನ ಕೈಯಿಂದ ಮಾತ್ರ ಅಲ್ಲ, ಆ ಹೊತ್ತಿನಿಂದ ಕೂಡ. ನಿಮ್ಮ ಊರಿನ ಬೆಳಗಿನ ಚಳಿಗೆ ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ ಹಪ್ಪಳದ ಹಾಗಿರುತ್ತದೆ. ಕಿಟಕಿ ಏರಿಸಿ ಗಾಡಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ, ಆಮೇಲೆ ಕೈ ಹಾಕಿ. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್ ಒಂದು ಗೇಣು ದೂರ ಹಿಡಿದು ಆಡಿಸುತ್ತಾ ಇರಿ. ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಸ್ಕ್ರೂಡ್ರೈವರ್ ಬೇಡ. ಬಿದಿರಿನ ಕಡ್ಡಿಯನ್ನು ಚಪ್ಪಟೆಯಾಗಿ ಕೆತ್ತಿಕೊಳ್ಳಿ. ತುದಿ ಹಿಡಿದು ಎಳೆಯಬೇಡಿ, ಕ್ಲಿಪ್ ಎಲ್ಲಿದೆ ಅಂತ ತಡವಿ ಅದರ ಪಕ್ಕದಲ್ಲೇ ಎತ್ತಿ.

ಬಾಗಿಲಲ್ಲಿ ಕಿಟಕಿ ಹಿಡಿಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಿಡಿಗೂ ಪ್ಯಾಡಿಗೂ ನಡುವೆ ಹತ್ತಿ ಬಟ್ಟೆಯ ಪಟ್ಟಿ ತೂರಿಸಿ ಅತ್ತಿತ್ತ ಎಳೆಯಿರಿ, ಕ್ಲಿಪ್ ಬಟ್ಟೆಗೆ ಸಿಕ್ಕಿ ಹಾರಿ ಬರುತ್ತದೆ. ಎದುರಿಗೆ ಕೈ ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಶೆಡ್ ಪೂರ್ತಿ ಹುಡುಕಬೇಕಾಗುತ್ತದೆ.

ಮೂಡಿಗೆರೆಯಿಂದ:

ಎಲ್ಲಿ ಸಿಗುತ್ತದೆ ಅನ್ನೋದಕ್ಕೆ ನಾನು ಹೇಳ್ತೀನಿ. ಗಾಡಿ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡ್ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲು ನಮ್ಮ ಕಡೆಯ ತೋಟಗಳ ಶೆಡ್ ನೋಡಿ. ಎಷ್ಟೋ ಮನೆಗಳಲ್ಲಿ ಒಂದು 800 ಸುಮ್ನೆ ನಿಂತಿರುತ್ತದೆ. 800 ಓಡಿಸುತ್ತಿದ್ದ ಡ್ರೈವಿಂಗ್ ಸ್ಕೂಲಿನವರನ್ನೂ ಕೇಳಿ. ಬಾಯಲ್ಲಿ ವಿವರಿಸಿದರೆ ತಪ್ಪು ಪಾರ್ಟ್ ಬರುತ್ತದೆ, ಹಳೇ ತುಂಡನ್ನೇ ತಗೊಂಡು ಹೋಗಿ. 800 ಬಂದಿದ್ದು 1983ರಲ್ಲಿ, 1986ರಲ್ಲೇ ಮಾದರಿ ಬದಲಾಯಿತು, ಆಮೇಲೆ 2014ರವರೆಗೂ ತಯಾರಾಯಿತು. ಹೆಸರು ಒಂದೇ ಆದರೂ ಒಳಗಿನ ಸಾಮಾನು ಒಂದೇ ಅಲ್ಲ. ನನ್ನ ಗಾಡಿಗೆ ಓಮ್ನಿಯ ಕಿಟಕಿ ಹಿಡಿ ಸರಿಯಾಗಿ ಕೂತಿತು, ಹೋಲಿಸಿ ನೋಡಿ.

ದುಡ್ಡು ಕೊಡುವ ಮುಂಚೆ ಸಾಮಾನು ತಿರುಗಿಸಿ ಹಿಂಬದಿ ನೋಡಿ. ಮುಂದೆ ಫಳಫಳ ಹೊಳೆಯುತ್ತದೆ, ಹಿಂದೆ ಸಾಮಾನನ್ನು ಹಿಡಿದಿಡುವ ಕಿವಿಗಳೇ ಇರುವುದಿಲ್ಲ.

ಸಕಲೇಶಪುರದಿಂದ:

ಗ್ರಿಲ್ ಪಟ್ಟಿಯನ್ನು ತ್ರೀಡಿ ಪ್ರಿಂಟ್ ಮಾಡಿಸಬಹುದು. ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್ಎ ಮಾತ್ರ ಬೇಡ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ನಮ್ಮದು ಒಂದೇ ಬೇಸಿಗೆಗೆ ಬಾಗಿ ಹೋಯಿತು. ಎಎಸ್ಎ ಅಥವಾ ಎಬಿಎಸ್‌ನಲ್ಲಿ ಮಾಡಿಕೊಡಿ ಅಂತ ಕೇಳಿ. ಇನ್ನೊಂದು, ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದ ಮೇಲೇ ಅಂಟು ಹಾಕಿ. ಪೆಟ್ರೋಲ್, ಥಿನ್ನರ್‌ನಲ್ಲಿ ಒರೆಸಲೇಬೇಡಿ.

ಹಾಸನದಿಂದ, ಮತ್ತೆ:

ಕೂರಿಸುವುದು ಹೇಳಲು ಮರೆತೆ. ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಿಡಿಸಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಟಕ್ ಅಂತ ಹಳೇ ಮರೆಯಲ್ಲಿ, ಅಂದರೆ ಸ್ಕ್ರೂ ಮೊದಲು ಕೊರೆದಿದ್ದ ಸುರುಳಿ ಗೆರೆಯಲ್ಲಿ, ಕೂತದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ, ಬೆರಳ ಬಲದಲ್ಲಿ ಮಾತ್ರ.

ಚಿಕ್ಕಮಗಳೂರಿನಿಂದ, ಮೂರು ವಾರದ ನಂತರ:

ಅಣ್ಣ, ಚೂರು ಮುಳುಗಿತು, ಅಸಿಟೋನ್‌ಗೆ ಮೆತ್ತಗೂ ಆಯಿತು. ನೀವು ಹೇಳಿದ ಹಾಗೆ ಹಿಟ್ಟು ಮಾಡಿ ಜೋಡಿಸಿದೆ. ಮೂರನೇ ಲಾಕ್ ಸಿಗಲಿಲ್ಲ, ಗುಜರಿ ತುಂಡಿನಿಂದ ಕೆತ್ತಿ ಅಂಟಿಸಿದೆ. ಭಾನುವಾರ ಮಧ್ಯಾಹ್ನ ಬಿಸಿಲಲ್ಲಿ ಕೂರಿಸಿದೆ. ಆ ಟಕ್ ಕೇಳಿಸಿದಾಗ ಅಮ್ಮನನ್ನು ಕೂಗಿ ಕರೆದೆ. ಅವರು ಬಂದು ಮುಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದರು.

ಮೂಡಿಗೆರೆಯವರು ಹೇಳಿದ ಹಾಗೆ ಪಕ್ಕದ ತೋಟದಲ್ಲೇ ಗ್ರಿಲ್ ಜೋಡಿ ಸಿಕ್ಕಿತು, ಅವರು ದುಡ್ಡು ತಗೊಳ್ಳಲಿಲ್ಲ. ನನಗೆ ಬೇಕಿದ್ದದ್ದು ಬಲಗಡೆಯದು. ಎಡಗಡೆಯದು ಉಳಿದಿದೆ, ಕಿವಿ ನಾಲ್ಕೂ ಗಟ್ಟಿಯಾಗಿವೆ. ಬೇಕಾದವರು ಹೇಳಿ, ಕಳಿಸಿಕೊಡುತ್ತೇನೆ.